ಟೈರು ಬದಲಾದಾಗ ವೇಗದ ಮುಳ್ಳನ್ನೂ ತಿದ್ದಬೇಕು

ಹೊಸೂರಿನಿಂದ ಕೃಷ್ಣಗಿರಿಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 44ರಲ್ಲಿ, ಎರಡು ಊರುಗಳ ನಡುವೆ ಹೆಚ್ಚುಕಡಿಮೆ ಅರ್ಧದಾರಿಯಲ್ಲಿ ಸೂಳಗಿರಿ ಇದೆ. ಶ್ರೀನಗರದಿಂದ ಕನ್ಯಾಕುಮಾರಿಯವರೆಗೆ ಚಾಚಿಕೊಂಡಿರುವ ಈ ಹೆದ್ದಾರಿಯ ಈ ಭಾಗಕ್ಕೆ ಹಿಂದೆ ಏಳನೆಯ ಸಂಖ್ಯೆ ಇದ್ದಿತು. ಹಳೆಯ ಚಾಲಕರ ಬಾಯಲ್ಲಿ ಆ ಸಂಖ್ಯೆ ಇನ್ನೂ ಉಳಿದಿದೆ. ಸೀಮೆಯ ಕೊತ್ತಂಬರಿ ಸೊಪ್ಪು, ತರಕಾರಿ, ಮಾವು, ಕೃಷ್ಣಗಿರಿಯ ಗ್ರಾನೈಟು, ಹೊಸೂರಿನ ಕಾರ್ಖಾನೆಗಳ ಬಿಡಿಭಾಗಗಳು, ಎಲ್ಲವೂ ಹಗಲಿರುಳು ಈ ರಸ್ತೆಯ ಮೇಲೆಯೇ ಸಾಗುತ್ತವೆ. ಹೊಸೂರಿನಲ್ಲಿ ಅಶೋಕ್ ಲೇಲ್ಯಾಂಡ್ ಸಂಸ್ಥೆಯ ಲಾರಿಗಳೇ ತಯಾರಾಗುತ್ತವೆ. ಆದುದರಿಂದ ಲಾರಿ ಎಂಬುದು ಈ ಭಾಗದ ಕುಟುಂಬಗಳಿಗೆ ದೂರದ ವಸ್ತುವಲ್ಲ. ಕನ್ನಡ ಶಾಲೆಗೆ ಹೋಗುವ ಮಕ್ಕಳ ತಂದೆಯರಲ್ಲಿ, ಸೋದರಮಾವಂದಿರಲ್ಲಿ ಸ್ಟಿಯರಿಂಗು ಹಿಡಿದವರಿದ್ದಾರೆ. ಸ್ವಂತಕ್ಕೆ ಒಂದು ಲಾರಿ ಕೊಂಡು ಕಂತು ಕಟ್ಟುತ್ತಿರುವವರೂ ಇದ್ದಾರೆ.

ಅಂತಹ ಮನೆಗಳಲ್ಲಿ ಟೈರಿನ ಖರ್ಚು ದೊಡ್ಡ ಖರ್ಚು. ಹಳೆಯ ಟೈರು ಸವೆದಾಗ ಮೊದಲಿದ್ದ ಅಳತೆಯದೇ ಸಿಗದೆ ಹೋಗಬಹುದು. ಅಗ್ಗಕ್ಕೆ ಬೇರೊಂದು ಅಳತೆಯದು ದೊರೆಯಬಹುದು. ಹೆಚ್ಚು ಭಾರ ತಡೆಯಲೆಂದು ಒಂದು ಅಳತೆ ದೊಡ್ಡದನ್ನು ಹಾಕಿಸುವ ಆಸೆಯೂ ಹುಟ್ಟಬಹುದು. ಟೈರಿನಂಗಡಿಯಲ್ಲಿ ಒಂದು ಗಂಟೆಯ ಕೆಲಸ. ಲಾರಿ ಮತ್ತೆ ರಸ್ತೆಗಿಳಿಯುತ್ತದೆ. ಆದರೆ ಚಾಲಕನ ಕಣ್ಣೆದುರಿನ ವೇಗಮಾಪಕಕ್ಕೆ ಈ ಬದಲಾವಣೆಯ ಸುದ್ದಿಯೇ ಮುಟ್ಟಿರುವುದಿಲ್ಲ. ಅದು ಹಳೆಯ ಟೈರಿನ ಲೆಕ್ಕದಲ್ಲಿಯೇ ವೇಗವನ್ನು ಹೇಳುತ್ತಾ ಹೋಗುತ್ತದೆ. ಮಾಪಕವನ್ನು ತಿದ್ದಿಸದೆ ಬಿಟ್ಟರೆ ಅದರ ಹೊರೆ ಕೊನೆಗೆ ಬೀಳುವುದು ಚಾಲಕನ ತಲೆಯ ಮೇಲೆ. ದಂಡದ ಚೀಟಿ ಬರುವುದು, ಡೀಸೆಲ್ ಕದ್ದನೆಂಬ ಗುಮಾನಿಗೆ ಗುರಿಯಾಗುವುದು, ಎರಡೂ ಅವನ ಪಾಲಿಗೇ.

ಮಾಪಕ ಎಣಿಸುವುದೇನನ್ನು?

ವೇಗಮಾಪಕವು ವೇಗವನ್ನು ನೇರವಾಗಿ ಅಳೆಯುತ್ತದೆ ಎಂಬುದು ಸಾಮಾನ್ಯ ನಂಬಿಕೆ. ವಾಸ್ತವವಾಗಿ ಅದು ರಸ್ತೆಯನ್ನು ನೋಡುವುದೇ ಇಲ್ಲ. ಅದು ಎಣಿಸುವುದು ಸುತ್ತುಗಳನ್ನು ಮಾತ್ರ. ಗೇರುಪೆಟ್ಟಿಗೆಯಿಂದ ಹಿಂದಿನ ಚಕ್ರಗಳ ಕಡೆಗೆ ಹೊರಡುವ ದಂಡ ಎಷ್ಟು ಬಾರಿ ಸುತ್ತಿತು ಎಂಬುದರಿಂದ ಚಕ್ರ ಎಷ್ಟು ಬಾರಿ ಸುತ್ತಿತು ಎಂದು ತಿಳಿಯುತ್ತದೆ. ಚಕ್ರದ ಒಂದು ಸುತ್ತಿಗೆ ಲಾರಿ ಇಷ್ಟು ಮುಂದೆ ಹೋಗುತ್ತದೆ ಎಂದು ತಯಾರಕರು ಮೊದಲೇ ಗೊತ್ತುಪಡಿಸಿರುತ್ತಾರೆ. ಈ ಎರಡನ್ನೂ ಗುಣಿಸಿ ಬಂದ ಉತ್ತರವೇ ಮುಳ್ಳು ತೋರಿಸುವ ವೇಗ.

ಹಳೆಯ ಕಾಲದ ಮಾಪಕಗಳಲ್ಲಿ ಈ ಕೆಲಸವನ್ನು ಒಂದು ಬಳುಕುವ ತಂತಿ ಮಾಡುತ್ತಿತ್ತು. ಗೇರುಪೆಟ್ಟಿಗೆಯ ಸಣ್ಣ ಹಲ್ಲುಚಕ್ರವೊಂದು ಆ ತಂತಿಯನ್ನು ತಿರುಗಿಸುತ್ತಿತ್ತು. ತಂತಿಯ ಮೇಲ್ತುದಿಯಲ್ಲಿ ಒಂದು ಅಯಸ್ಕಾಂತ ಸುತ್ತುತ್ತಿತ್ತು. ಅದರ ಸೆಳೆತಕ್ಕೆ ಒಂದು ಲೋಹದ ಬಟ್ಟಲು ತಿರುಗಲು ಹವಣಿಸುತ್ತಿತ್ತು. ಕೂದಲೆಳೆಯಂತಹ ಸ್ಪ್ರಿಂಗು ಅದನ್ನು ಹಿಂದಕ್ಕೆಳೆಯುತ್ತಿತ್ತು. ಈ ಎರಡು ಎಳೆತಗಳು ಸರಿದೂಗಿದಲ್ಲಿ ಮುಳ್ಳು ನಿಲ್ಲುತ್ತಿತ್ತು. ಜರ್ಮನಿಯ ಓಟೊ ಶುಲ್ಟ್ಸೆ ಎಂಬವರು 1902ರಲ್ಲಿ ಹಕ್ಕುಪತ್ರ ಪಡೆದ ಈ ಉಪಾಯ ಇಪ್ಪತ್ತನೆಯ ಶತಮಾನದ ಬಹುಪಾಲು ವಾಹನಗಳಲ್ಲಿ ಬಾಳಿತು. ಈಗಿನ ಲಾರಿಗಳಲ್ಲಿ ತಂತಿಯ ಬದಲು ಸಂವೇದಕವಿದೆ. ಹಲ್ಲಿರುವ ಚಕ್ರವೊಂದು ಅದರ ಮುಂದೆ ಸುತ್ತಿದಂತೆ ಪ್ರತಿ ಹಲ್ಲಿಗೂ ಒಂದು ವಿದ್ಯುತ್ ಮಿಡಿತ ಹುಟ್ಟುತ್ತದೆ. ಒಂದು ಕಿಲೋಮೀಟರಿಗೆ ಇಷ್ಟು ಮಿಡಿತ ಎಂಬ ಸಂಖ್ಯೆಯನ್ನು ಲಾರಿಯ ಗಣಕಘಟಕದಲ್ಲಿ ದಾಖಲಿಸಿರುತ್ತಾರೆ.

ಉಪಕರಣ ಹಳೆಯದಾಗಲಿ ಹೊಸದಾಗಲಿ, ಅದರ ಲೆಕ್ಕಕ್ಕೆ ಆಧಾರ ಒಂದೇ: ಟೈರಿನ ಪರಿಧಿ. ಪರಿಧಿ ಬದಲಾದರೆ ಲೆಕ್ಕ ತಪ್ಪುತ್ತದೆ. ಹಿಂದಿನ ಅಚ್ಚಿನ ಕ್ರೌನು ಮತ್ತು ಪಿನಿಯನ್ ಹಲ್ಲುಗಳ ಅನುಪಾತವನ್ನು ಬದಲಾಯಿಸಿದರೂ ಇದೇ ಫಲ. ಗೇರುಪೆಟ್ಟಿಗೆಯೊಳಗಿನ ಗೇರುಗಳು ಬದಲಾದರೆ ಮಾತ್ರ ಈ ತೊಡಕಿಲ್ಲ. ಏಕೆಂದರೆ ಎಣಿಕೆ ನಡೆಯುವುದು ಗೇರುಪೆಟ್ಟಿಗೆಯನ್ನು ದಾಟಿದ ಮೇಲೆ.

ಟೈರಿನ ಮೇಲಿನ ಅಂಕಿಗಳು

ಎಷ್ಟು ತಪ್ಪುತ್ತದೆ ಎಂಬುದನ್ನು ತಿಳಿಯಲು ಯಾವ ಯಂತ್ರವೂ ಬೇಕಿಲ್ಲ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಅಂಕಿಗಳೇ ಸಾಕು. 295/80 ಆರ್ 22.5 ಎಂದಿದ್ದರೆ ಟೈರಿನ ಅಗಲ 295 ಮಿಲಿಮೀಟರು. ಪಕ್ಕದ ಗೋಡೆಯ ಎತ್ತರ ಆ ಅಗಲದ ನೂರಕ್ಕೆ 80 ಪಾಲು. ಒಳಗಿನ ರಿಮ್ಮಿನ ವ್ಯಾಸ 22.5 ಅಂಗುಲ. ನಡುವಿನ ಆರ್ ಎಂಬ ಅಕ್ಷರ ರೇಡಿಯಲ್ ಜಾತಿಯ ಟೈರನ್ನು ಸೂಚಿಸುತ್ತದೆ.

ಈಗ ಲೆಕ್ಕ ಮಾಡಬಹುದು. 295ರ ನೂರಕ್ಕೆ 80 ಪಾಲು ಎಂದರೆ 236. ಗೋಡೆ ಮೇಲೊಂದು, ಕೆಳಗೊಂದು; ಆದುದರಿಂದ 472. ಒಂದು ಅಂಗುಲಕ್ಕೆ 25.4 ಮಿಲಿಮೀಟರಿನಂತೆ 22.5 ಅಂಗುಲಕ್ಕೆ 571.5. ಎರಡನ್ನೂ ಕೂಡಿದರೆ ಟೈರಿನ ಪೂರ್ಣ ವ್ಯಾಸ 1043.5 ಮಿಲಿಮೀಟರು. ಇದೇ ಲಾರಿಗೆ 315/80 ಆರ್ 22.5 ಟೈರು ಹಾಕಿಸಿದರೆ ಗೋಡೆ 252, ಎರಡು ಗೋಡೆಗೆ 504, ರಿಮ್ಮಿನ 571.5 ಸೇರಿ 1075.5 ಮಿಲಿಮೀಟರು. ಹೊಸದನ್ನು ಹಳೆಯದರಿಂದ ಭಾಗಿಸಿದರೆ 1.0307, ಎಂದರೆ ನೂರಕ್ಕೆ ಮೂರು ಪಾಲು ದೊಡ್ಡದು.

ಪರಿಧಿಯ ಲೆಕ್ಕದಲ್ಲಿ ಹೇಳುವುದಾದರೆ, ಹಳೆಯ ಟೈರು ಒಂದು ಸುತ್ತಿಗೆ ಸುಮಾರು 3.28 ಮೀಟರು ಉರುಳುತ್ತದೆ. ಒಂದು ಕಿಲೋಮೀಟರಿಗೆ 305 ಸುತ್ತು ಬೇಕು. ಹೊಸ ಟೈರು ಸುಮಾರು 3.38 ಮೀಟರು ಉರುಳುತ್ತದೆ; ಅದಕ್ಕೆ 296 ಸುತ್ತು ಸಾಕು. ಆದರೆ ಮಾಪಕ 305 ಸುತ್ತಾದ ಮೇಲೆಯೇ ಒಂದು ಕಿಲೋಮೀಟರು ಎಂದು ಬರೆದುಕೊಳ್ಳುತ್ತದೆ. ಅಷ್ಟರಲ್ಲಿ ಲಾರಿ ಸುಮಾರು 1,031 ಮೀಟರು ಓಡಿರುತ್ತದೆ. ಮುಳ್ಳು 80ರಲ್ಲಿ ನಿಂತಿದ್ದಾಗ ನಿಜವಾದ ವೇಗ ಗಂಟೆಗೆ 82.5 ಕಿಲೋಮೀಟರು.

ಚಿಕ್ಕ ಸರಕು ವಾಹನಗಳಲ್ಲಿ ಅಂತರ ಇನ್ನೂ ಹೆಚ್ಚಾಗಬಹುದು. 215/75 ಆರ್ 17.5 ಟೈರಿನ ವ್ಯಾಸ 767 ಮಿಲಿಮೀಟರು. 235/75 ಆರ್ 17.5ರದು 797. ವ್ಯತ್ಯಾಸ ನೂರಕ್ಕೆ ಸುಮಾರು ನಾಲ್ಕು. ಮುಳ್ಳು 60 ಎಂದಾಗ ವಾಹನ 62.3ರಲ್ಲಿರುತ್ತದೆ, 80 ಎಂದಾಗ 83ರಲ್ಲಿ.

ಒಂದು ಮಾತನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಮಾಪಕವು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಬಾರದು ಎಂಬುದು ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ನಿಯಮ. ಆದುದರಿಂದ ತಯಾರಕರು ಸಾಮಾನ್ಯವಾಗಿ ಮುಳ್ಳನ್ನು ತುಸು ಮುಂದಕ್ಕೇ ಇಟ್ಟಿರುತ್ತಾರೆ. ದೊಡ್ಡ ಟೈರು ಮೊದಲು ತಿಂದುಹಾಕುವುದು ಈ ಸುರಕ್ಷೆಯ ಅಂಚನ್ನು. ಅದು ಮುಗಿದ ಮೇಲೆ ಮುಳ್ಳು ನಿಜವಾಗಿಯೇ ಕಡಿಮೆ ಹೇಳತೊಡಗುತ್ತದೆ. ಇದರಿಂದಾಗಿ ಕಾಗದದ ಲೆಕ್ಕವೊಂದೇ ಸಾಲದು, ರಸ್ತೆಯ ಪರೀಕ್ಷೆಯೂ ಬೇಕು. ಆದರೆ ದೂರವನ್ನು ದಾಖಲಿಸುವ ಮಾಪಕಕ್ಕೆ ಇಂತಹ ಅಂಚನ್ನು ಇಟ್ಟಿರುವುದಿಲ್ಲ. ಅಲ್ಲಿ ನೂರಕ್ಕೆ ಮೂರು ತಪ್ಪಿದರೆ ಮೂರೂ ತಪ್ಪೇ.

ಕಾಣೆಯಾದ ಡೀಸೆಲ್ಲು

ದೂರದ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆಯನ್ನು ಭಾವಿಸಬಹುದು. ಮೇಲೆ ಹೇಳಿದಂತೆ ದೊಡ್ಡ ಟೈರು ಹಾಕಿದ ಲಾರಿಯೊಂದು ತಿಂಗಳಲ್ಲಿ 8,000 ಕಿಲೋಮೀಟರು ಓಡಿತೆಂದು ಮಾಪಕ ತೋರಿಸುತ್ತದೆ. ನಿಜವಾಗಿ ಅದು ಓಡಿರುವುದು 8,245 ಕಿಲೋಮೀಟರು. ಲೀಟರಿಗೆ ನಾಲ್ಕು ಕಿಲೋಮೀಟರಿನಂತೆ ಲಾರಿ ಓಡುತ್ತದೆ ಎಂದಿಟ್ಟುಕೊಂಡರೆ ಖರ್ಚಾಗಿರುವುದು 2,061 ಲೀಟರು. ಮಾಲೀಕ ಮಾಪಕವನ್ನು ನಂಬಿ 8,000ವನ್ನು ನಾಲ್ಕರಿಂದ ಭಾಗಿಸುತ್ತಾನೆ. 2,000 ಲೀಟರು ಎಂಬ ಉತ್ತರ ಬರುತ್ತದೆ. ಉಳಿದ 61 ಲೀಟರು ಎಲ್ಲಿ ಹೋಯಿತು?

ಈ ಪ್ರಶ್ನೆ ಕೇಳಿಬರುವುದು ಚಾಲಕನಿಗೆ. ಅವನ ಬಳಿ ಉತ್ತರವಿಲ್ಲ, ಏಕೆಂದರೆ ಅವನೂ ಅದೇ ಮಾಪಕವನ್ನು ನೋಡಿದವನು. ಡೀಸೆಲ್ಲು ಕಳ್ಳತನವಾಗಿಲ್ಲ, ಎಂಜಿನ್ನು ಕೆಟ್ಟಿಲ್ಲ. 245 ಕಿಲೋಮೀಟರು ರಸ್ತೆ ಲೆಕ್ಕಕ್ಕೆ ಸಿಕ್ಕಿಲ್ಲ, ಅಷ್ಟೆ. ಟೈರು ಬದಲಾಯಿಸಿದ ದಿನಾಂಕವನ್ನೂ ಇಂಧನದ ಪುಸ್ತಕವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ವ್ಯತ್ಯಾಸ ಆರಂಭವಾದದ್ದು ಯಾವಾಗ ಎಂಬುದು ಕಾಣುತ್ತದೆ. ಸಂಬಳದಲ್ಲಿ ಹಿಡಿದುಕೊಳ್ಳುವುದಕ್ಕೆ, ಕೆಲಸದಿಂದ ಬಿಡಿಸುವುದಕ್ಕೆ ಮುಂಚೆ ಈ ಒಂದು ಲೆಕ್ಕವನ್ನಾದರೂ ಮಾಡುವುದು ನ್ಯಾಯ.

ಚಿಕ್ಕ ಟೈರು ಹಾಕಿದರೆ ತಪ್ಪು ತಿರುಗುಮುರುಗಾಗುತ್ತದೆ. 315ರ ಬದಲು 295 ಹಾಕಿದ ಲಾರಿಯಲ್ಲಿ ಮುಳ್ಳು 80 ತೋರಿಸುವಾಗ ನಿಜವಾದ ವೇಗ 77.6. ದಂಡದ ಭಯವಿಲ್ಲ, ಆದರೆ ಮಾಪಕ 1,000 ಎಂದಾಗ ಓಡಿರುವುದು 970 ಮಾತ್ರ. ಕಿಲೋಮೀಟರಿಗೆ ಇಷ್ಟು ಎಂದು ಬಾಡಿಗೆ ಕೊಡುವ ವ್ಯಾಪಾರಿ ಓಡದ ದೂರಕ್ಕೂ ಹಣ ಕೊಟ್ಟಂತಾಗುತ್ತದೆ. ಎಣ್ಣೆ ಬದಲಾವಣೆ, ಖಾತರಿಯ ಅವಧಿ ಎಲ್ಲವೂ ಬೇಗ ಬರುತ್ತವೆ. ಮಾರಲು ಹೋದರೆ ಲಾರಿ ತನ್ನ ನಿಜವಾದ ವಯಸ್ಸಿಗಿಂತ ಹೆಚ್ಚು ದುಡಿದಂತೆ ಕಾಣುತ್ತದೆ.

ಕಾನೂನು ಹೇಳುವುದೇನು?

ಭಾರತದಲ್ಲಿ ಮೋಟಾರು ವಾಹನಗಳಿಗೆ ವೇಗಮಾಪಕವಿರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 117ನೆಯ ನಿಯಮ ವಿಧಿಸುತ್ತದೆ. 118ನೆಯ ನಿಯಮ ವೇಗನಿಯಂತ್ರಕವನ್ನು ಕುರಿತದ್ದು. 2015ರ ಏಪ್ರಿಲ್ 15ರ ತಿದ್ದುಪಡಿಯಂತೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ಆ ವರ್ಷದ ಅಕ್ಟೋಬರ್ 1ರಿಂದ ತಯಾರಾದ ಸಾರಿಗೆ ವಾಹನಗಳಲ್ಲಿ ಗಂಟೆಗೆ 80 ಕಿಲೋಮೀಟರಿಗೆ ತಡೆ ಹಾಕುವ ನಿಯಂತ್ರಕವಿರತಕ್ಕದ್ದು. ಡಂಪರು, ಟ್ಯಾಂಕರು, ಅಪಾಯಕರ ಸರಕಿನ ವಾಹನ ಮತ್ತು ಶಾಲಾ ಬಸ್ಸುಗಳಿಗೆ ಈ ಮಿತಿ 60. ಕೇಂದ್ರ ಸರ್ಕಾರವು 2018ರ ಏಪ್ರಿಲ್ 6ರಂದು ಹೊರಡಿಸಿದ ಅಧಿಸೂಚನೆಯಲ್ಲಿ, ನಡುವೆ ವಿಭಜಕವಿರುವ ನಾಲ್ಕು ಪಥಗಳ ರಸ್ತೆಯಲ್ಲಿ ಸರಕು ವಾಹನಕ್ಕೆ ಗರಿಷ್ಠ 80, ಊರೊಳಗಿನ ರಸ್ತೆಗಳಲ್ಲಿ 60 ಎಂದು ಗೊತ್ತುಪಡಿಸಿದೆ. ಅಗತ್ಯವಿರುವೆಡೆ ಇನ್ನೂ ಕಡಿಮೆ ಮಿತಿಯ ಫಲಕಗಳನ್ನು ನೆಡಬಹುದು.

ಮಿತಿ ಮೀರಿದವರಿಗೆ 1988ರ ಮೋಟಾರು ವಾಹನ ಅಧಿನಿಯಮದ 183ನೆಯ ಕಲಮು ಅನ್ವಯಿಸುತ್ತದೆ. 2019ರ ತಿದ್ದುಪಡಿಯ ನಂತರ ಲಘು ವಾಹನಕ್ಕೆ 1,000ದಿಂದ 2,000 ರೂಪಾಯಿ, ಮಧ್ಯಮ ಮತ್ತು ಭಾರಿ ವಾಹನಕ್ಕೆ 2,000ದಿಂದ 4,000 ರೂಪಾಯಿ ದಂಡ ಅದರಲ್ಲಿದೆ. ಎರಡನೆಯ ಬಾರಿ ಸಿಕ್ಕಿಬಿದ್ದರೆ ಚಾಲನಾ ಪರವಾನಗಿಯನ್ನೇ ವಶಪಡಿಸಿಕೊಳ್ಳಬಹುದು. ಲಾರಿ ಓಡಿಸಿ ಬದುಕುವವನಿಗೆ ಪರವಾನಗಿ ಹೋಯಿತೆಂದರೆ ದುಡಿಮೆಯೇ ಹೋದಂತೆ.

ಈ ಕಲಮಿನ ಮಾತುಗಳನ್ನು ಗಮನವಿಟ್ಟು ಓದಬೇಕು. ಮಿತಿ ಮೀರಿ ಓಡಿಸಿದವನು ಎಂದಷ್ಟೇ ಅದು ಹೇಳುತ್ತದೆ. ತಿಳಿದು ಓಡಿಸಿದವನು ಎಂದು ಹೇಳುವುದಿಲ್ಲ. ತನ್ನ ಮುಳ್ಳು 80 ತೋರಿಸಿತ್ತು ಎಂಬ ಚಾಲಕನ ವಿವರಣೆ ದಂಡದ ಪ್ರಮಾಣವನ್ನು ಇಳಿಸಲು ನೆರವಾದೀತೇ ಹೊರತು ಅಪರಾಧವನ್ನು ಅಳಿಸಿಹಾಕುವುದಿಲ್ಲ. ಇನ್ನೊಂದು ಕಡೆ, ತನ್ನ ಕೆಲಸದಾಳಿನಿಂದ ಮಿತಿ ಮೀರಿ ಓಡಿಸುವ ಮಾಲೀಕನನ್ನೂ ಇದೇ ಕಲಮು ತನ್ನ ವ್ಯಾಪ್ತಿಗೆ ತರುತ್ತದೆ. ಟೈರಿನ ಅಳತೆಯನ್ನು ಬದಲಾಯಿಸಿ ಮಾಪಕವನ್ನು ತಿದ್ದಿಸದೆ ಲಾರಿಯನ್ನು ರಸ್ತೆಗೆ ಕಳುಹಿಸುವ ಮಾಲೀಕರು ಈ ಮಾತನ್ನು ಮರೆಯಬಾರದು.

ಅಧಿನಿಯಮವು ಚಾಲಕನಿಗೆ ರಕ್ಷಣೆಯನ್ನೂ ಕೊಟ್ಟಿದೆ. ಒಬ್ಬನೇ ಸಾಕ್ಷಿಯು ತನ್ನ ಅಭಿಪ್ರಾಯದಲ್ಲಿ ಲಾರಿ ಅತಿವೇಗದಲ್ಲಿತ್ತು ಎಂದು ಹೇಳಿದ ಮಾತ್ರಕ್ಕೆ ಶಿಕ್ಷೆ ವಿಧಿಸುವಂತಿಲ್ಲ. ಆ ಅಭಿಪ್ರಾಯಕ್ಕೆ ಯಾಂತ್ರಿಕ ಅಥವಾ ವಿದ್ಯುನ್ಮಾನ ಉಪಕರಣದ ಅಳತೆ ಆಧಾರವಾಗಿರಬೇಕು ಎಂದು ಅದೇ ಕಲಮಿನ ಮೂರನೆಯ ಉಪಕಲಮು ಹೇಳುತ್ತದೆ. 2021ರ ಆಗಸ್ಟ್‌ನಲ್ಲಿ ಸೇರಿಸಿದ 167-ಎ ನಿಯಮದಂತೆ ರಸ್ತೆಬದಿಯ ವೇಗದ ಕ್ಯಾಮೆರಾಗಳಿಗೆ ಅನುಮೋದನೆಯ ಪ್ರಮಾಣಪತ್ರವಿರಬೇಕು, ಅದನ್ನು ಪ್ರತಿ ವರ್ಷ ನವೀಕರಿಸಬೇಕು. ಅಪರಾಧ ನಡೆದ ಹದಿನೈದು ದಿನಗಳೊಳಗೆ ನೋಟೀಸು ಕಳುಹಿಸಬೇಕು. ಎದುರಿನ ಸಾಕ್ಷಿಗೆ ಹೀಗೆ ವರ್ಷಕ್ಕೊಮ್ಮೆ ಪರೀಕ್ಷೆಯಿದೆ. ಚಾಲಕನ ಪರವಾಗಿ ಮಾತನಾಡಬಲ್ಲ ಸಾಕ್ಷಿ ಲಾರಿಯೊಳಗಿನ ಮಾಪಕ. ಟೈರು ಬದಲಾದ ಮೇಲೆ ಅದನ್ನು ಯಾರೂ ಪರೀಕ್ಷಿಸದಿದ್ದರೆ ಅದರ ಮಾತಿಗೆ ಬೆಲೆ ಬರುವುದು ಹೇಗೆ?

ಟೈರನ್ನು ಮನಬಂದಂತೆ ಬದಲಾಯಿಸಬಹುದೇ ಎಂಬುದು ಬೇರೆಯ ಪ್ರಶ್ನೆ. ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ಸೂಚಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು ಎಂದು ಅಧಿನಿಯಮದ 52ನೆಯ ಕಲಮು ನಿರ್ಬಂಧಿಸುತ್ತದೆ. ಕೇರಳದಿಂದ ಬಂದ ಮೇಲ್ಮನವಿಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿ 9ರಂದು ಈ ಕಲಮನ್ನು ಬಿಗಿಯಾಗಿಯೇ ಅರ್ಥೈಸಿ, ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡಿಗೆ ಅವಕಾಶವಿಲ್ಲವೆಂದಿತು. ಅನುಮತಿಯಿಲ್ಲದ ಮಾರ್ಪಾಡಿಗೆ 182-ಎ ಕಲಮಿನ ನಾಲ್ಕನೆಯ ಉಪಕಲಮಿನಂತೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಒಂದೇ ಮಾದರಿಗೆ ತಯಾರಕರೇ ಎರಡು ಮೂರು ಅಳತೆಯ ಟೈರುಗಳನ್ನು ಸೂಚಿಸಿರುವುದುಂಟು. ಆ ಪಟ್ಟಿಯೊಳಗಿನ ಬದಲಾವಣೆ ನಿರಾತಂಕ. ಪಟ್ಟಿಯ ಹೊರಗಿನದು ತೊಂದರೆಯನ್ನು ಕರೆದುತಂದಂತೆ. ಯಾವ ಅಳತೆ ಪಟ್ಟಿಯಲ್ಲಿದೆ ಎಂಬುದನ್ನು ತಯಾರಕರ ಅಧಿಕೃತ ಸೇವಾಕೇಂದ್ರದಿಂದ ಬರಹದಲ್ಲಿ ಪಡೆದುಕೊಳ್ಳುವುದು, ಸಂದೇಹವಿದ್ದರೆ ಹೊಸೂರು ಅಥವಾ ಕೃಷ್ಣಗಿರಿಯ ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸುವುದು, ವಿಮಾ ಸಂಸ್ಥೆಗೂ ತಿಳಿಸಿ ಸ್ವೀಕೃತಿ ಪಡೆಯುವುದು ಜಾಣತನ.

ಪರೀಕ್ಷಿಸುವ ಬಗೆ

ಮಾಪಕ ಸರಿಯಾಗಿದೆಯೇ ಎಂದು ನೋಡಲು ಮೂರು ದಾರಿಗಳಿವೆ.

ಮೊದಲನೆಯದು ಸುಣ್ಣದ ಗುರುತು. ಸಮತಟ್ಟಾದ ಜಾಗದಲ್ಲಿ, ಟೈರಿನಲ್ಲಿ ಗೊತ್ತುಪಡಿಸಿದಷ್ಟು ಗಾಳಿ ತುಂಬಿಸಿ, ಸಾಮಾನ್ಯವಾಗಿ ಹೇರುವ ಸರಕನ್ನೂ ಹೇರಿ, ಹಿಂದಿನ ಟೈರು ನೆಲಕ್ಕೆ ತಾಕುವ ಜಾಗದಲ್ಲಿ ಟೈರಿಗೂ ನೆಲಕ್ಕೂ ಸುಣ್ಣದ ಗೆರೆ ಎಳೆಯಬೇಕು. ಲಾರಿಯನ್ನು ನಿಧಾನವಾಗಿ ಐದು ಸುತ್ತು ಉರುಳಿಸಿ, ಗೆರೆ ಮತ್ತೆ ನೆಲಕ್ಕೆ ಬಂದಲ್ಲಿ ಇನ್ನೊಂದು ಗುರುತು ಹಾಕಬೇಕು. ನಡುವಿನ ದೂರವನ್ನು ಅಳತೆಪಟ್ಟಿಯಿಂದ ಅಳೆದು ಐದರಿಂದ ಭಾಗಿಸಿದರೆ ಪರಿಧಿ ಸಿಗುತ್ತದೆ. ಭಾರಕ್ಕೆ ಟೈರು ತುಸು ಅಪ್ಪಚ್ಚಿಯಾಗುವುದರಿಂದ ಈ ಅಳತೆ ಕಾಗದದ ಲೆಕ್ಕಕ್ಕಿಂತ ಸ್ವಲ್ಪ ಕಡಿಮೆ ಬರುವುದು ಸಹಜ. ತಿದ್ದುವವರಿಗೆ ಕೊಡಬೇಕಾದದ್ದು ಈ ಅಳತೆಯನ್ನೇ. ಹಳೆಯ ಟೈರನ್ನು ಕಳಚುವ ಮೊದಲೇ ಅದನ್ನೂ ಹೀಗೆ ಅಳೆದಿಟ್ಟುಕೊಂಡರೆ ಹೋಲಿಕೆ ಸುಲಭ.

ಎರಡನೆಯದು ಹೆದ್ದಾರಿಯ ಕಿಲೋಮೀಟರು ಕಲ್ಲು. ಸಂಚಾರ ವಿರಳವಾಗಿರುವ ಹೊತ್ತಿನಲ್ಲಿ ಮುಳ್ಳನ್ನು 60ರಲ್ಲಿ ಸ್ಥಿರವಾಗಿಟ್ಟು ಓಡಿದರೆ ಐದು ಕಿಲೋಮೀಟರಿಗೆ ಸರಿಯಾಗಿ ಐದು ನಿಮಿಷ, ಎಂದರೆ 300 ಸೆಕೆಂಡು ಹಿಡಿಯಬೇಕು. 291 ಸೆಕೆಂಡಿನಲ್ಲಿಯೇ ದಾಟಿದರೆ ನಿಜವಾದ ವೇಗ 61.9, ಮಾಪಕ ನೂರಕ್ಕೆ ಮೂರರಷ್ಟು ಕಡಿಮೆ ಹೇಳುತ್ತಿದೆ. ಇದೇ ಓಟದಲ್ಲಿ ದೂರದ ಮಾಪಕ ಎಷ್ಟು ಸರಿಯಿತು ಎಂಬುದನ್ನೂ ಬರೆದುಕೊಳ್ಳಬಹುದು. ದಾರಿ ಉದ್ದವಾದಷ್ಟೂ ಲೆಕ್ಕ ನಂಬಲರ್ಹ. ಗಡಿಯಾರ ನೋಡುವ ಕೆಲಸ ಪಕ್ಕದಲ್ಲಿ ಕುಳಿತವರದು. ಚಾಲಕನ ಕಣ್ಣು ರಸ್ತೆಯಿಂದ ಕದಲತಕ್ಕದ್ದಲ್ಲ.

ಮೂರನೆಯದು ಜಿಪಿಎಸ್. ಉಪಗ್ರಹಗಳ ಸಂಕೇತದಿಂದ ವೇಗವನ್ನು ಲೆಕ್ಕಹಾಕುವ ಈ ಸೌಕರ್ಯ ಈಗ ಮೊಬೈಲಿನಲ್ಲಿಯೇ ಇದೆ. ಅದಕ್ಕೆ ಟೈರಿನ ಅಳತೆಯ ಗೊಡವೆಯಿಲ್ಲ. ನೇರವಾದ, ಮೇಲೆ ಆಕಾಶ ತೆರೆದಿರುವ ದಾರಿಯಲ್ಲಿ ಒಂದೇ ವೇಗದಲ್ಲಿ ಸಾಗುವಾಗ ಅದು ತೋರಿಸುವ ಅಂಕಿ ಹೋಲಿಕೆಗೆ ತಕ್ಕದ್ದು. ವೇಗ ಏರಿಳಿಯುವಾಗ, ಗುಡ್ಡದ ತಿರುವುಗಳಲ್ಲಿ, ಸೇತುವೆಗಳ ಕೆಳಗೆ ಅದನ್ನು ನಂಬಬಾರದು. ಇಲ್ಲಿಯೂ ಮೊಬೈಲು ಪಕ್ಕದವರ ಕೈಯಲ್ಲಿರಬೇಕು.

ಟೈರಿನ ಸವೆತವನ್ನೂ ಮರೆಯಬಾರದು. 1043.5 ಮಿಲಿಮೀಟರು ವ್ಯಾಸದ ಟೈರು 12 ಮಿಲಿಮೀಟರಿನಷ್ಟು ಸವೆದರೆ ವ್ಯಾಸ 24 ಮಿಲಿಮೀಟರು ಇಳಿಯುತ್ತದೆ. ಅದೇ ನೂರಕ್ಕೆ ಎರಡಕ್ಕಿಂತ ಹೆಚ್ಚು. ಪೂರ್ತಿ ಸವೆದ ಟೈರನ್ನು ತೆಗೆದು ದೊಡ್ಡ ಅಳತೆಯ ಹೊಸ ಟೈರು ಹಾಕಿದ ದಿನ ಎರಡು ವ್ಯತ್ಯಾಸಗಳೂ ಒಟ್ಟಿಗೆ ಸೇರಿಕೊಳ್ಳುತ್ತವೆ. ನಿನ್ನೆಯವರೆಗೆ ತುಸು ಹೆಚ್ಚು ಹೇಳುತ್ತಿದ್ದ ಮುಳ್ಳು ಇಂದು ಕಡಿಮೆ ಹೇಳುತ್ತದೆ. ಚಾಲಕನ ಅಭ್ಯಾಸ ಮಾತ್ರ ನಿನ್ನೆಯದೇ.

ತಿದ್ದುವ ಬಗೆ

ತಂತಿಯ ಮಾಪಕವಿರುವ ಹಳೆಯ ಲಾರಿಗಳಲ್ಲಿ ತಿದ್ದುಪಡಿ ನಡೆಯುವುದು ಗೇರುಪೆಟ್ಟಿಗೆಯ ಬಳಿ. ತಂತಿಯನ್ನು ತಿರುಗಿಸುವ ಸಣ್ಣ ಹಲ್ಲುಚಕ್ರದಲ್ಲಿ ಹಲ್ಲುಗಳು ಕಡಿಮೆಯಾದರೆ ಅದು ಬೇಗ ಸುತ್ತುತ್ತದೆ, ಮುಳ್ಳು ಮೇಲೇರುತ್ತದೆ. ಉದಾಹರಣೆಗೆ 32 ಹಲ್ಲಿನ ಚಕ್ರದ ಬದಲು 31 ಹಲ್ಲಿನದನ್ನು ಕೂರಿಸಿದರೆ ತಂತಿ ನೂರಕ್ಕೆ 3.2ರಷ್ಟು ವೇಗವಾಗಿ ಸುತ್ತುತ್ತದೆ. ಮೇಲಿನ ಉದಾಹರಣೆಯ ದೊಡ್ಡ ಟೈರಿಗೆ ಇದು ಹೆಚ್ಚುಕಡಿಮೆ ಸರಿಹೊಂದುತ್ತದೆ. ಅರ್ಧ ಹಲ್ಲು ಎಂಬುದು ಇಲ್ಲವಾದ್ದರಿಂದ ಎಲ್ಲ ಅಳತೆಗೂ ಕರಾರುವಾಕ್ಕಾದ ಚಕ್ರ ಸಿಗುವುದಿಲ್ಲ. ಆಗ ತಂತಿಯ ನಡುವೆ ಅನುಪಾತ ಬದಲಿಸುವ ಪುಟ್ಟ ಹಲ್ಲುಪೆಟ್ಟಿಗೆಯನ್ನು ಜೋಡಿಸುತ್ತಾರೆ.

ವಿದ್ಯುನ್ಮಾನ ಮಾಪಕಗಳಲ್ಲಿ ಬದಲಾಗಬೇಕಾದದ್ದು ಒಂದು ಸಂಖ್ಯೆ ಮಾತ್ರ. ಒಂದು ಕಿಲೋಮೀಟರಿಗೆ 8,000 ಮಿಡಿತ ಎಂದು ದಾಖಲಾಗಿತ್ತೆಂದು ಭಾವಿಸೋಣ. ನೂರಕ್ಕೆ ಮೂರರಷ್ಟು ದೊಡ್ಡ ಟೈರಿಗೆ ಅದನ್ನು 8,000 ಭಾಗಿಸು 1.0307, ಎಂದರೆ 7,762 ಎಂದು ತಿದ್ದಬೇಕು. ಅಧಿಕೃತ ಸೇವಾಕೇಂದ್ರದವರು ತಮ್ಮ ಪರೀಕ್ಷಾ ಉಪಕರಣವನ್ನು ಲಾರಿಗೆ ಜೋಡಿಸಿ ಈ ಸಂಖ್ಯೆಯನ್ನು ಅಥವಾ ಟೈರಿನ ಪರಿಧಿಯನ್ನು ನಮೂದಿಸುತ್ತಾರೆ. ತಿದ್ದುವಾಗ ಈವರೆಗೆ ಓಡಿದ ದೂರದ ಅಂಕಿ ಬದಲಾಗಕೂಡದು. ಮುಂದಿನ ಎಣಿಕೆ ಮಾತ್ರ ಬದಲಾಗಬೇಕು. ಓಡಿದ ದೂರವನ್ನೇ ತಗ್ಗಿಸಿ ಕೊಡುತ್ತೇವೆನ್ನುವವರ ಬಳಿ ಸುಳಿಯಬಾರದು. ಅದು ತಿದ್ದುಪಡಿಯಲ್ಲ, ಮೋಸ.

ವೇಗನಿಯಂತ್ರಕದ ವಿಷಯ ಪ್ರತ್ಯೇಕ. ಅದೂ ಇದೇ ಸುತ್ತುಗಳ ಎಣಿಕೆಯನ್ನೇ ನಂಬಿರುತ್ತದೆ. ದೊಡ್ಡ ಟೈರು ಹಾಕಿದ ಲಾರಿಯಲ್ಲಿ 80ಕ್ಕೆ ತಡೆಯಬೇಕಾದ ನಿಯಂತ್ರಕ 82.5ರವರೆಗೆ ಬಿಡುತ್ತದೆ. ಹೊರಗಿನಿಂದ ಅಳವಡಿಸಿದ ನಿಯಂತ್ರಕಕ್ಕೆ ಮುದ್ರೆ ಹಾಕಿರುತ್ತಾರೆ. ಅದನ್ನು ಒಡೆಯುವ ಅಧಿಕಾರ ಬೀದಿಬದಿಯ ಮೆಕ್ಯಾನಿಕ್ಕಿಗೂ ಇಲ್ಲ, ಮಾಲೀಕನಿಗೂ ಇಲ್ಲ. ಅಳವಡಿಸಿದ ಅಧಿಕೃತರಿಂದಲೇ ಮರುಹೊಂದಿಸಿ, ಮತ್ತೆ ಮುದ್ರೆ ಹಾಕಿಸಿ, ಪ್ರಮಾಣಪತ್ರ ಪಡೆಯಬೇಕು. ಮುಂದಿನ ಯೋಗ್ಯತಾ ಪರೀಕ್ಷೆಯ ದಿನ ಈ ಕಾಗದ ಬೇಕಾಗುತ್ತದೆ. ಸಾರಿಗೆ ವಾಹನಗಳಿಗೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಅನಂತರ ವರ್ಷಕ್ಕೊಮ್ಮೆ ಆ ಪರೀಕ್ಷೆ ನಡೆಯುತ್ತದೆ. ನಡುವೆ ಬದಲಾದ ಟೈರು ಎರಡು ವರ್ಷ ಯಾರ ಕಣ್ಣಿಗೂ ಬೀಳದೆ ಉಳಿಯಬಹುದು ಎಂಬುದೂ ಇದರಿಂದಲೇ ತಿಳಿಯುತ್ತದೆ.

ಮಾಪಕದ ಗಾಜಿನ ಮೇಲೆ ಬಣ್ಣದ ಗುರುತು ಹಾಕಿಕೊಳ್ಳುವುದು, ಮುಳ್ಳಿಗೆ ಮೂರು ಸೇರಿಸಿಕೋ ಎಂದು ಚಾಲಕನಿಗೆ ಬಾಯಿಮಾತಿನಲ್ಲಿ ಹೇಳುವುದು ಪರಿಹಾರವಲ್ಲ. ನಾಳೆ ಬೇರೊಬ್ಬ ಚಾಲಕ ಬಂದರೆ ಆ ಮಾತು ಅವನಿಗೆ ತಲುಪುವುದಿಲ್ಲ; ದೂರದ ಮಾಪಕಕ್ಕೂ ನಿಯಂತ್ರಕಕ್ಕೂ ಅದು ಎಂದಿಗೂ ತಲುಪುವುದಿಲ್ಲ. ಮುಂದಿನ ಚಕ್ರಗಳಿಗೊಂದು ಅಳತೆ, ಹಿಂದಿನವಕ್ಕೊಂದು ಅಳತೆ ಹಾಕುವುದಂತೂ ಇನ್ನೂ ಅಪಾಯ. ಚಕ್ರಗಳ ಸುತ್ತನ್ನು ಪರಸ್ಪರ ಹೋಲಿಸಿ ಬ್ರೇಕನ್ನು ನಿಯಂತ್ರಿಸುವ ವ್ಯವಸ್ಥೆ ಇದರಿಂದ ಗೊಂದಲಕ್ಕೀಡಾಗಬಹುದು.

ಶಾಲೆಯ ಬಸ್ಸು, ಶಾಲೆಯ ಗಣಿತ

ಲಾರಿ ಇಲ್ಲದ ಮನೆಗಳಿಗೂ ಈ ವಿಷಯದೊಂದಿಗೆ ನಂಟಿದೆ. ಮಕ್ಕಳನ್ನು ಕರೆದೊಯ್ಯುವ ಶಾಲಾ ಬಸ್ಸಿನ ನಿಯಂತ್ರಕ 60ಕ್ಕೆ ತಡೆಯಬೇಕೆಂದು ನಿಯಮವಿರುವುದು ಸುಮ್ಮನೆ ಅಲ್ಲ. ಓಡುವ ವಾಹನದ ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ನೂರಕ್ಕೆ ಮೂರು ಹೆಚ್ಚಿದರೆ ಶಕ್ತಿ ಆರು ಹೆಚ್ಚುತ್ತದೆ. ವೇಗ ನಾಲ್ಕು ಹೆಚ್ಚಿದರೆ ಶಕ್ತಿ ಎಂಟು. ಬ್ರೇಕು ಆ ಶಕ್ತಿಯನ್ನೆಲ್ಲ ತಡೆದು ನಿಲ್ಲಿಸಬೇಕು. ಬಸ್ಸಿನ ಟೈರು ಬದಲಾದಾಗ ಮೊದಲಿನ ಅಳತೆಯದನ್ನೇ ಹಾಕಿದ್ದಾರೆಯೇ, ಇಲ್ಲವಾದರೆ ಮಾಪಕವನ್ನೂ ನಿಯಂತ್ರಕವನ್ನೂ ತಿದ್ದಿಸಿದ್ದಾರೆಯೇ ಎಂದು ಪೋಷಕರ ಸಭೆಯಲ್ಲಿ ಕೇಳುವುದು ಅಧಿಕಪ್ರಸಂಗವಲ್ಲ, ಪೋಷಕರ ಹಕ್ಕು.

ವ್ಯಾಸ, ಪರಿಧಿ, ಅನುಪಾತ, ಶೇಕಡಾ: ಈ ಲೇಖನದಲ್ಲಿ ಬಂದಿರುವ ಲೆಕ್ಕಗಳಲ್ಲಿ ಇವುಗಳಾಚೆಗಿನದು ಯಾವುದೂ ಇಲ್ಲ. ಇವೆಲ್ಲವೂ ಕನ್ನಡ ಮಾಧ್ಯಮದ ಗಣಿತ ಪುಸ್ತಕದಲ್ಲಿರುವ ಮಾತುಗಳೇ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ತಂದೆಯ ಲಾರಿಯ ಎರಡು ಟೈರುಗಳ ಅಂಕಿಗಳನ್ನು ಬರೆದುಕೊಂಡು ಬಂದು, ಅರ್ಧ ಗಂಟೆಯಲ್ಲಿ ಉತ್ತರ ತೆಗೆಯಬಲ್ಲಳು. ಆ ಉತ್ತರವನ್ನು ಒಂದು ಹಾಳೆಯಲ್ಲಿ ಬರೆದು, ಟೈರು ಬದಲಾಯಿಸಿದ ದಿನಾಂಕ, ಆ ದಿನ ದೂರದ ಮಾಪಕ ತೋರಿಸುತ್ತಿದ್ದ ಅಂಕಿ, ಟೈರಿನಂಗಡಿಯ ರಸೀದಿ, ಮಾಪಕ ತಿದ್ದಿದ ಸೇವಾಕೇಂದ್ರದ ರಸೀದಿ ಇವಿಷ್ಟನ್ನೂ ಅದರೊಡನೆ ಲಾರಿಯ ಕಾಗದಪತ್ರಗಳ ಚೀಲದಲ್ಲಿಟ್ಟರೆ ಚಾಲಕನಿಗೆ ಅದಕ್ಕಿಂತ ಒಳ್ಳೆಯ ದಾಖಲೆ ಇನ್ನೊಂದಿಲ್ಲ. ಡೀಸೆಲ್ಲಿನ ಲೆಕ್ಕ ಕೇಳುವ ಮಾಲೀಕನಿಗೂ ವೇಗದ ಲೆಕ್ಕ ಕೇಳುವ ನ್ಯಾಯಾಲಯಕ್ಕೂ ತೋರಿಸಲು ಅದೇ ಹಾಳೆ ಸಾಕು.